ಮೂರು ಗಂಟೆಯ ರಿಫ್ರೆಶ್

ನಮ್ಮ ಆಫೀಸಿನ ಸರ್ ಕುರ್ಚಿಯ ಮೇಲೆ ಕೂಡುವ ಮೊದಲು ಕರ್ಚೀಫು ಹಾಸುತ್ತಿದ್ದರು. ಕುರ್ಚಿ ಹೊಲಸಿರುತ್ತಿತ್ತು ಎಂದಲ್ಲ. ದಿನಾ ಬೆಳಿಗ್ಗೆ ಅದನ್ನು ಒರೆಸುವವಳು ನಾನೇ. ನಾನಿನ್ನೂ ಒದ್ದೆ ಬಟ್ಟೆ ಹಿಂಡುತ್ತಿರುವಾಗಲೇ, ನನ್ನ ಕಣ್ಣೆದುರಿಗೇ, ಜೇಬಿನಿಂದ ಕರ್ಚೀಫು ತೆಗೆದು ಕೊಡವಿ, ನಾಲ್ಕೂ ಮೂಲೆ ಎಳೆದು ಹಾಸಿ, ಅದರ ಮೇಲೆ ಕೂತು, "ಹೂಂ, ನಡೀಲಿ ಅಕ್ಕಾರ" ಎನ್ನುತ್ತಿದ್ದರು. ಒಂಬತ್ತು ವರ್ಷ ಇದನ್ನು ನೋಡಿದ್ದೇನೆ.

ಹೋದ ತಿಂಗಳು ಲಿಂಗಸುಗೂರಿನ ಅವರ ಮನೆಯಲ್ಲಿ ಶಿವಗಣಾರಾಧನೆ. ಎದೆನೋವು ಬಂದು ಅರ್ಧ ದಿನದಲ್ಲಿ ಹೋಗಿಬಿಟ್ಟಿದ್ದರು. ಅಂಗಳದ ಪೆಂಡಾಲಿನಲ್ಲಿ ಒಂದು ಕುರ್ಚಿಗೆ ಬಿಳಿ ಬಟ್ಟೆ ಹಾಸಿ, ಮೇಲೆ ಅವರ ಫೋಟೋ ಇಟ್ಟು ವಿಭೂತಿ ಹಚ್ಚಿದ್ದರು. ಕೈ ಮುಗಿಯುವಾಗ ಉಳಿದವರಿಗೆ ಏನೇನು ನೆನಪಾಯಿತೋ ತಿಳಿಯದು. ನನಗೆ ಕಂಡದ್ದು, ಬಟ್ಟೆಯ ಒಂದು ಮೂಲೆ ಮಡಚಿಕೊಂಡಿತ್ತು. ಅವರಿದ್ದಿದ್ದರೆ ಎಳೆಯುತ್ತಿದ್ದರು.

ನಮ್ಮ ಆಫೀಸೆಂದರೆ ಸಿಂಧನೂರಿನಲ್ಲಿ, ಮಸ್ಕಿಗೆ ಹೋಗುವ ರಸ್ತೆಯ ಮೇಲೆ, ಗೊಬ್ಬರದ ಅಂಗಡಿಯ ಮೇಲಿನ ಎರಡು ಕೋಣೆ. ಮೆಟ್ಟಿಲು ಹತ್ತುವಾಗಲೇ ಯೂರಿಯಾ ಚೀಲದ ವಾಸನೆ ಮೂಗಿಗೆ ಹೊಡೆಯುತ್ತದೆ. ಅಕ್ಕಿ ಮಿಲ್ಲು, ಬೀಜದ ಅಂಗಡಿ, ಲಾರಿ ತೂಗುವ ಕಾಟಾ, ಇಂಥವಕ್ಕೆ ಸಾಫ್ಟ್‌ವೇರ್ ಬರೆದುಕೊಡುವುದು ಕೆಲಸ. ಬರೆಯುವವರು ಅವರು ಮತ್ತು ಅವರ ಕೈಕೆಳಗೆ ಮೂರು ನಾಲ್ಕು ಜನ. ಎಲ್ಲರೂ ಅವರನ್ನು ಸರ್ ಎನ್ನುತ್ತಿದ್ದರು. ಮಾಲಕರು ಕೂಡ ಎದುರಿಗೆ ಸರ್ ಎಂದೇ ಅನ್ನುತ್ತಿದ್ದರು. ಶಟರ್ ತೆಗೆಯುವುದು, ಕುಡಿಯುವ ನೀರು ತುಂಬಿಸುವುದು, ಮಿಲ್ಲುಗಳ ಫೋನು ಹಿಡಿಯುವುದು, ಯಾರು ಎಷ್ಟಕ್ಕೆ ಬಂದರು, ಕರೆಂಟು ಎಷ್ಟಕ್ಕೆ ಹೋಯಿತು ಎಂದು ರಿಜಿಸ್ಟರಿನಲ್ಲಿ ಬರೆಯುವುದು ನನ್ನ ಪಾಲಿನದು. ಇನ್ನೊಂದು ಕೆಲಸವೂ ಇತ್ತು. ಸಂಜೆ ಐದೂ ಕಾಲಿಗೆ ಎಲ್ಲರೂ ಇಳಿದುಹೋದ ಮೇಲೆ, ಎಲ್ಲಾ ಕಂಪ್ಯೂಟರಿನದೂ ಒಂದು ಕಾಪಿ ಮಾಡಿ ಹಾರ್ಡ್ ಡಿಸ್ಕಿಗೆ ಹಾಕಿ ಅವರ ಕೈಗೆ ಕೊಡಬೇಕು. ಅದು ಮಿಲ್ಲುಗಳ ಬಿಲ್ಲಿನ ಕಾಪಿ ಎಂದೇ ಉಳಿದವರು ತಿಳಿದಿದ್ದರು. ಅವರವರು ದಿನವೆಲ್ಲ ಕೂತು ಬರೆದದ್ದೂ ಅದರಲ್ಲಿ ಇರುತ್ತಿತ್ತು.

"ಹೇಳಾಕ ಹೋಗಬ್ಯಾಡ್ರಿ ಅಕ್ಕಾರ," ಎಂದು ಮೊದಲ ದಿನವೇ ಹೇಳಿದ್ದರು. "ಕಾಪಿ ಐತಿ ಅಂತ ಗೊತ್ತಾದ್ರ ಕೈ ಸಡ್ಲ ಬಿಡ್ತಾರ."

ನಾನು ಹೇಳಲಿಲ್ಲ.

ಅವರ ವಿದ್ಯೆಯ ಬಗ್ಗೆ ಎರಡು ಮಾತಿಲ್ಲ. ಒಮ್ಮೆ ಆರ್.ಎಚ್. ಕ್ಯಾಂಪಿನ ಕಡೆಯ ಒಂದು ಮಿಲ್ಲಿನ ಗುಮಾಸ್ತ ಫೋನು ಮಾಡಿ, ಒಂದು ಬಿಲ್ಲು ಹೊಡೆದರೆ ಮೂರು ಬರುತ್ತವೆ, ಸಾಫ್ಟ್‌ವೇರೇ ಕೆಟ್ಟಿದೆ ಎಂದು ಕೂಗಾಡಿದ. ನಾನು ಫೋನು ಅವರಿಗೆ ಕೊಟ್ಟೆ. ಅವರು ಕಿತ್ತಳೆ ಹಣ್ಣು ಸುಲಿಯುತ್ತಿದ್ದರು. ಸಿಪ್ಪೆ ಎಲ್ಲೂ ಹರಿಯದ ಹಾಗೆ ಒಂದೇ ಉದ್ದನೆಯ ಪಟ್ಟಿಯಾಗಿ ಸುಲಿಯುವುದು ಅವರ ಚಟ.

"ಕೀಬೋರ್ಡ್ ಬೋರಲ ಹಾಕಿ ಎರಡು ಸಲ ಬಡಿ. ಎಂಟರ್ ಗುಂಡ್ಯಾಗ ಹೊಟ್ಟು ಕುಂತೈತಿ."

ಆ ಕಡೆಯಿಂದ ಟಪಟಪ ಸದ್ದು. ಆಮೇಲೆ, "ಉದುರ್ತ್ರೀ ಸರ್! ಖರೇನ ಹೊಟ್ಟು ಉದುರ್ತು!"

"ಹಂಗ ನಿನ್ನ ತಲೀನೂ ಒಮ್ಮೆ ಬಡಕೋ. ಅಲ್ಲೂ ಉದುರತೈತಿ," ಎಂದು ಫೋನು ಇಟ್ಟರು. ನಾವೆಲ್ಲ ನಕ್ಕೆವು. ಅವರ ಮಾತಿಗೆ ಒಬ್ಬರ ಮಾನ ಹೋಗುವಾಗ ಉಳಿದವರು ನಗುತ್ತಿದ್ದೆವು. ಈ ಸಲ ನಮ್ಮ ಸರದಿಯಲ್ಲ ಎಂಬ ಸಮಾಧಾನ.

ಇನ್ನು ರಿಫ್ರೆಶ್. ಇದನ್ನು ಹೊರಗಿನವರಿಗೆ ಹೇಳಬೇಕೆಂದರೆ ನಾನು ಅಡುಗೆಮನೆಯ ಕಡೆಗೇ ಹೋಗಬೇಕು. ಪ್ರೋಗ್ರಾಮು ಬರೆಯುವವರು ಎಲ್ಲವನ್ನೂ ತಾವೇ ಬರೆಯುವುದಿಲ್ಲ. ಬೇರೆಯವರು ಬರೆದಿಟ್ಟದ್ದನ್ನು ನೆಟ್ಟಿನಿಂದ ತರಿಸಿಕೊಳ್ಳುತ್ತಾರೆ. ಏನೇನು ಬೇಕೆಂದು ಬರೆದಿಡಲು ಒಂದು ಫೈಲು ಇರುತ್ತದೆ. ಬಿಲ್ಡ್ ಫೈಲು ಅನ್ನುತ್ತಾರೆ. ಅದು ಕಿರಾಣಿ ಚೀಟಿ ಇದ್ದ ಹಾಗೆ. ಚೀಟಿಯಲ್ಲಿ ಹುಣಸೆಹಣ್ಣು ಎಂದು ಬರೆದ ಮಾತ್ರಕ್ಕೆ ಹುಣಸೆಹಣ್ಣು ಒಲೆಯ ಹತ್ತಿರ ಬರುತ್ತದೆಯೇ? ಚೀಟಿ ಹಿಡಿದು ಯಾರಾದರೂ ಹೋಗಿ ತಂದು ಜೋಡಿಸಬೇಕು. ಆ ಹೋಗಿ ಬರುವುದೇ ರಿಫ್ರೆಶ್. ಪರದೆಯ ಮೇಲೆ ಪ್ರಾಜೆಕ್ಟಿನ ಹೆಸರು ಹಿಡಿದು ಒಂದು ಗುಂಡಿ ಒತ್ತಿದರೆ ಆಯಿತು. ಆದರೆ ಒತ್ತುವವರೆಗೆ ನೀವು ಬರೆದದ್ದು ಎಷ್ಟೇ ಸರಿಯಿರಲಿ, ಸಾಲಿನ ಕೆಳಗೆಲ್ಲ ಕೆಂಪು ಗೆರೆ. ಹೊಸಬರು ಆ ಕೆಂಪು ನೋಡಿ ತಮ್ಮದೇ ತಪ್ಪೆಂದು ತಿಳಿದು, ಸರಿಯಿದ್ದದ್ದನ್ನು ಅಳಿಸಿ ಅಳಿಸಿ ಬರೆಯುತ್ತಿದ್ದರು. ಸರ್ ಹಿಂದೆ ನಿಂತು ನೋಡುತ್ತಿದ್ದರು. ಅರ್ಧ ಗಂಟೆ ನೋಡಿದ್ದೂ ಉಂಟು.

ಬೇರೆ ಕಡೆ ಬೇಕಾದಾಗ ಒತ್ತುವ ಈ ಗುಂಡಿಯನ್ನು ನಮ್ಮಲ್ಲಿ ಮೂರು ಗಂಟೆಗೆ ಒತ್ತಬೇಕಿತ್ತು. ನೆಟ್ಟಿನ ಡಾಂಗಲು ಅವರ ಡ್ರಾದಲ್ಲಿ. ಬರುವಾಗಲೇ ಎಲ್ಲರ ಮೊಬೈಲು ಬಾಗಿಲ ಹತ್ತಿರದ ಮಂಡಕ್ಕಿ ಡಬ್ಬಿಯೊಳಗೆ. ಡಬ್ಬಿಯ ಕಾವಲು ನನ್ನದು. ಮೂರಕ್ಕೆ ಚಹಾ ಆದ ಮೇಲೆ ಅವರು ಡ್ರಾ ತೆಗೆದು, ಡಾಂಗಲನ್ನು ಬೊಟ್ಟು ಹೆಬ್ಬೆಟ್ಟಿನಲ್ಲಿ ಹಿಡಿದು ಕೂಡುತ್ತಿದ್ದರು. ಒಬ್ಬೊಬ್ಬರೇ ಎದ್ದು ನಿಂತು, ಬಿಲ್ಡ್ ಫೈಲಿನಲ್ಲಿ ಯಾವ ಸಾಲು ಸೇರಿಸಿದೆ, ಯಾಕೆ ಸೇರಿಸಿದೆ ಎಂದು ಎಲ್ಲರೆದುರು ಹೇಳಬೇಕು. ಒಪ್ಪಿಗೆಯಾದರೆ ನೆಟ್ಟು. ಇಲ್ಲವಾದರೆ, "ನಾಳೆ ಮೂರಕ್ಕ."

ಮುದಗಲ್‌ನಿಂದ ಬಂದ ಒಬ್ಬ ಹುಡುಗ, ಕಾಲೇಜಿನಲ್ಲಿ ಚೆನ್ನಾಗಿ ಓದಿದವನು, ಒಂದು ಸಲ "ನೆಟ್‌ನ್ಯಾಗ ಹಿಂಗ ಹಾಕ್ರಿ ಅಂತ ಇತ್ತು ಸರ್" ಎಂದುಬಿಟ್ಟ.

"ನೆಟ್‌ನ್ಯಾಗ ಬಾವಿ ಬೀಳು ಅಂತ ಇದ್ರ?"

ಹುಡುಗ ಮಂಡಕ್ಕಿ ಡಬ್ಬಿಯ ಕಡೆ ನೋಡಿದ.

"ಹೇಳಲೇ. ಮುದಗಲ್ ಕ್ವಾಟಿ ಮ್ಯಾಲಿಂದ ಜಿಗಿ ಅಂತ ಬರದಿದ್ರ ಜಿಗೀತಿದ್ದಿ?"

ಅವನಿಗೆ ಐದು ದಿನ ನೆಟ್ಟು ಕೊಡಲಿಲ್ಲ. ಐದೂ ದಿನ ಅವನು ಕೆಂಪು ಗೆರೆ ನೋಡುತ್ತ ಕೂತ. ಆರನೇ ದಿನ ಡಬ್ಬಿಯಿಂದ ಮೊಬೈಲು ತೆಗೆದುಕೊಂಡು, "ಬರ್ತೀನ್ರೀ ಅಕ್ಕಾರ" ಎಂದು ಹೋದವನು ಮತ್ತೆ ಬರಲಿಲ್ಲ. ರಿಜಿಸ್ಟರಿನಲ್ಲಿ ಅವನ ಹೆಸರಿನ ಮುಂದೆ ಗೆರೆ ಎಳೆದೆ.

ಇಷ್ಟು ಹೇಳಿ ಒಂದು ಮಾತು ಬಿಟ್ಟರೆ ಅನ್ಯಾಯವಾದೀತು. ಯಾರದಾದರೂ ಕೈ ಜಾರಿ ಆಗಿದ್ದ ಕೆಲಸ ಹಾಳಾಗುವ ಗಳಿಗೆಯಲ್ಲಿ ಅವರು ಮಾತಾಡುತ್ತಿರಲಿಲ್ಲ. ಹಿಂದಿನಿಂದ ಬಂದು ಕುರ್ಚಿಯ ಬೆನ್ನಿಗೆ ಎರಡು ಬೆರಳಿನಿಂದ ಟಕ್ ಎಂದು ತಟ್ಟುತ್ತಿದ್ದರು. ಅಷ್ಟೇ. ಆ ಸದ್ದಿಗೆ ಎಂಥವರ ಕೈಯೂ ಮೌಸಿನ ಮೇಲೆ ಕಲ್ಲಾಗುತ್ತಿತ್ತು. ಆಮೇಲೆ ನೋಡಿದರೆ, ಇನ್ನೊಂದು ಕ್ಷಣ ತಡವಾಗಿದ್ದರೂ ಏನೋ ಒಂದು ಮುಳುಗುತ್ತಿತ್ತು. ಇಡೀ ಕೋಣೆಯ ಪರದೆಗಳನ್ನು ಬಾಗಿಲಲ್ಲಿ ನಿಂತೇ ಓದಬಲ್ಲ ಕಣ್ಣು ಅವರದು. ಆ ಎರಡು ಬೆರಳನ್ನು ನಂಬಿಯೇ ನಮ್ಮ ಜನ ಅಲ್ಲಿ ಕೆಲಸ ಮಾಡಿದ್ದು.

ನನ್ನನ್ನೂ ಒಮ್ಮೆ ಉಳಿಸಿದ್ದರು. ಒಂದು ಬೀಜದ ಅಂಗಡಿಯ ಹೊಸ ಬಿಲ್ಲುಗಳ ಮೇಲೆ ನಾನು ಹಳೇ ಕಾಪಿ ಹಾಕಿಬಿಟ್ಟೆ. ಎಂಟು ದಿನದ ಬಿಲ್ಲು ಮಾಯ. ಅವತ್ತು ಅವರು ಆಫೀಸಿನಲ್ಲಿ ಇರಲಿಲ್ಲ, ತಟ್ಟುವವರಿಲ್ಲ. ಮರುದಿನ ಬಂದವರು ಬೈಯಲಿಲ್ಲ. ಅಂಗಡಿಗೆ ಹೋಗಿ ಕಾರ್ಬನ್ ಬಿಲ್ಲಿನ ಪುಸ್ತಕ ತಂದು, ಎರಡು ದಿನ ನನ್ನ ಪಕ್ಕ ಕೂತು, ನಾನು ಓದಿದ್ದನ್ನೆಲ್ಲ ತಾವೇ ಟೈಪು ಮಾಡಿದರು. ಮಾಲಕರ ಕಿವಿಗೆ ಹಾಕಲಿಲ್ಲ. ನನ್ನ ಕೆಲಸ ಉಳಿಯಿತು. ಇದನ್ನು ಅವರು ನೆನಪಿಟ್ಟುಕೊಳ್ಳುತ್ತಾರೆ ಎಂದು ಆಗ ನನಗೆ ತೋಚಲಿಲ್ಲ.

ಶಿವಲೀಲಾ ಬಂದದ್ದು ಅವರು ಆಫೀಸಿಗೆ ಬಂದ ಒಂಬತ್ತನೇ ವರ್ಷದಲ್ಲಿ. ಪಾಮನಕಲ್ಲೂರಿನವಳು. ಇಪ್ಪತ್ತನಾಲ್ಕು ವರ್ಷ, ಮನೆಯಲ್ಲಿ ಎಂಟು ತಿಂಗಳ ಹೆಣ್ಣುಕೂಸು. ಕೂಸನ್ನು ತಾಯಿಯ ಹತ್ತಿರ ಬಿಟ್ಟು, ಟಂಟಂ ಆಟೋ ಹಿಡಿದು ಮಸ್ಕಿಗೆ ಬಂದು, ಅಲ್ಲಿಂದ ಸಿಂಧನೂರಿನ ಬಸ್ಸು. ಅದೇ ಬಸ್ಸಿನಲ್ಲಿ ಅವರು ಲಿಂಗಸುಗೂರಿನಿಂದಲೇ ಕೂತು ಬಂದಿರುತ್ತಿದ್ದರು. ನಮ್ಮ ಕಡೆಯ ಬಸ್ಸಿನಲ್ಲಿ ಒಂದು ಪದ್ಧತಿ ಇದೆ. ಸೀಟು ಸಿಕ್ಕವರು ನಿಂತವರ ಚೀಲ ಕೇಳಿ ತೆಗೆದುಕೊಂಡು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಗುರುತು ಪರಿಚಯ ಬೇಕಿಲ್ಲ. ಸರ್ ಕೂತ ಸೀಟಿನ ಪಕ್ಕದಲ್ಲೇ ಶಿವಲೀಲಾ ಬುತ್ತಿಚೀಲ ಹೆಗಲಿಗೆ ಹಾಕಿಕೊಂಡು, ಮಸ್ಕಿಯಿಂದ ಸಿಂಧನೂರಿನವರೆಗೆ ನಿಂತು ಬರುತ್ತಿದ್ದಳು. ಒಂದು ದಿನವೂ ಅವರು "ತಾ ಇಲ್ಲಿ" ಎನ್ನಲಿಲ್ಲ. ಇದನ್ನು ಅವಳು ನನಗೆ ದೂರಿನಂತೆ ಹೇಳಿದ್ದಲ್ಲ, ನಗುತ್ತ ಹೇಳಿದ್ದು.

"ಸರ್‌ಗೆ ತೊಡಿ ಮ್ಯಾಲ ಇಸ್ತ್ರಿ ಕೆಡತೈತಿ ಅಂತ ಕಾಣ್ತೈತ್ರೀ ಅಕ್ಕಾರ."

ಹನ್ನೊಂದಾಗುತ್ತಲೇ ಅವಳ ಎದೆ ಬಿಗಿದು ಕುಪ್ಪಸ ಒದ್ದೆಯಾಗುತ್ತಿತ್ತು. ನಾನು ಮನೆಯಿಂದ ಹಳೇ ಧೋತರ ಹರಿದು, ಒಗೆದು, ಮಡಿಸಿ ತಂದುಕೊಡುತ್ತಿದ್ದೆ. ಅವಳು ಒಳಕೋಣೆಗೆ ಹೋಗಿ ಬರುತ್ತಿದ್ದಳು. ಒಮ್ಮೆ ಮೂರು ಗಂಟೆಯ ಸಾಲಿನಲ್ಲಿ ಅವಳು ಸೆರಗು ಮುಂದಕ್ಕೆಳೆದುಕೊಂಡು ನಿಂತಿದ್ದಾಗ ಅವರು ಎಲ್ಲರೆದುರು ಅಂದರು, "ಕೂಸು ಅಳಾಕತ್ತಿದ್ರ ಮನಿಗೆ ಹೋಗವ್ವ ನೀ. ಸಾಫ್ಟ್‌ವೇರ್ ಏನ್ ಅಳಂಗಿಲ್ಲ." ಯಾರೋ ಒಬ್ಬರು ನಕ್ಕರು. ಅವಳು ಪರದೆ ನೋಡುತ್ತಲೇ ತನ್ನ ಸಾಲು ಹೇಳಿ ಮುಗಿಸಿದಳು. ತಪ್ಪಿರಲಿಲ್ಲ. ನೆಟ್ಟು ಕೊಡಬೇಕಾಯಿತು.

ಅವಳು ಬರೆಯುತ್ತಿದ್ದುದು ಕಾಟಾದ ಪ್ರೋಗ್ರಾಮು. ಲಾರಿ ಕಾಟಾದ ಮೇಲೆ ನಿಂತ ಕೂಡಲೇ ತೂಕ ತಾನಾಗಿ ಕಂಪ್ಯೂಟರಿಗೆ ಬರಬೇಕು. ಯಾರೂ ಕೈಯಲ್ಲಿ ಹೊಡೆಯಬಾರದು. ಮೂರು ತಿಂಗಳು ಕೂತು ಬರೆದಿದ್ದಳು. ಮಾಲಕರು ಒಂದು ದಿನ ಬಂದು ಎಲ್ಲರೆದುರು ಹೇಳಿದರು:

"ಸೋಮವಾರ ಮಸ್ಕಿ ಕಡಿ ಕಾಟಾದ ಸಾಹುಕಾರರು ನೋಡಾಕ ಬರ್ತಾರ. ಅವತ್ತು ಇದು ನಡೀತಂದ್ರ ಮಸ್ಕ್ಯಾಗ ಒಂದು ಆಫೀಸ್ ತೆಗೀತೀನಿ. ಅಲ್ಲಿ ಕುರ್ಚಿ ನಿಂದ ನೋಡವ್ವ. ಮಧ್ಯಾಹ್ನ ಮನಿಗೆ ಹೋಗಿ ಕೂಸಿನ್ನ ನೋಡ್ಕೊಂಡು ಬಾ, ನಾ ಕೇಳಂಗಿಲ್ಲ."

ಶಿವಲೀಲಾಳ ಮುಖ ಅವತ್ತು ನೋಡಬೇಕಿತ್ತು. ನಾನು ಇನ್ನೊಂದು ಮುಖವನ್ನೂ ನೋಡಿದೆ. ಮಸ್ಕಿಯಲ್ಲಿ ಆಫೀಸು ಬೇಕೆಂದು ಅವರು ಮಾಲಕರನ್ನು ಎರಡು ಸಲ ಕೇಳಿದ್ದರು. ಲಿಂಗಸುಗೂರಿನವರಿಗೆ ಅದು ಅರ್ಧ ದಾರಿ; ಐವತ್ತು ದಾಟಿದ ಬೆನ್ನಿಗೆ ಬಸ್ಸಿನ ಅರ್ಧ ಕುಲುಕಾಟ ಕಡಿಮೆ. ಎರಡು ಸಲವೂ "ನೋಡೂಣು ಸರ್" ಎಂದಿದ್ದರು ಮಾಲಕರು. ಈಗ ಈ ಮಾತು ಕೇಳುತ್ತ ಅವರು ಕಿತ್ತಳೆ ಸುಲಿಯುತ್ತಿದ್ದರು. ಸಿಪ್ಪೆ ನಡುವೆ ಹರಿಯಿತು. ಒಂಬತ್ತು ವರ್ಷದಲ್ಲಿ ನಾನು ನೋಡಿದ್ದು ಅದೊಂದೇ ಸಲ.

ಮಂಗಳವಾರ ಮೂರು ಗಂಟೆಗೆ ಅವಳು ಎದ್ದು ನಿಂತಳು. ಕಾಟಾದ ವೈರಿನಿಂದ ನಂಬರು ಓದುವುದಕ್ಕೆ ಒಂದು ಸಾಲು ಸೇರಿಸಿದ್ದೇನೆ ಎಂದಳು.

"ಇದ ಯಾಕ? ಬ್ಯಾರೆ ಎರಡು ಅದಾವಲ್ಲ."

ಅವಳು ತಡವರಿಸಿದಳು. "ಇದು ಹೊಸಾದು ಐತ್ರೀ ಸರ್..."

"ಹೊಸಾದು ಅಂತ ತಗೊಳ್ಳಾಕ ಇದೇನು ಬಳಿ ಏನವ್ವ? ನಾಳೆ ಮೂರಕ್ಕ."

ಬುಧವಾರ ಅವಳು ಓದಿಕೊಂಡು ಬಂದಿದ್ದಳು. ಮೂರರ ವ್ಯತ್ಯಾಸವನ್ನೂ ಕುಂದಿಲ್ಲದೆ ಹೇಳಿದಳು. ಅವರು ಡಾಂಗಲನ್ನು ಬೆರಳಲ್ಲಿ ತಿರುವುತ್ತ ಕೇಳಿದರು.

"ನಿನ್ನಿ ಯಾಕ ಗೊತ್ತಿದ್ದಿಲ್ಲ?"

"ನಿನ್ನಿ ಸಂಜಿಗಿ ಓದ್ಕೊಂಡೀನ್ರೀ ಸರ್."

"ಬಾಯಿಪಾಠ ನನಗ ಬ್ಯಾಡ. ನಾಳೆ ಮೂರಕ್ಕ."

ಸೋಮವಾರಕ್ಕೆ ಐದೇ ದಿನ. ಅವಳು ನಾಳೆಯವರೆಗೆ ಕಾಯಲಿಲ್ಲ.

ಇಲ್ಲಿ ನಮ್ಮ ಆಫೀಸಿನವರು ಮಾತ್ರ ಮಾಡುತ್ತಿದ್ದ ಒಂದು ಕೆಲಸ ಹೇಳಬೇಕು. ಮೂರು ಗಂಟೆಯ ಸಾಲಿಗೆ ಹೆದರಿ ಪ್ರೋಗ್ರಾಮು ಬರೆಯುವವರು ತಮ್ಮೊಳಗೇ ಒಂದು ಕಳ್ಳದಾರಿ ಕಂಡುಕೊಂಡಿದ್ದರು. ಬೇಕಾದ ಸಾಮಾನು ಹಿಂದೆ ಯಾವಾಗಲೋ ಬೇರೆ ಪ್ರಾಜೆಕ್ಟಿಗೆಂದು ಅದೇ ಕಂಪ್ಯೂಟರಿಗೆ ಬಂದಿದ್ದರೆ, ನೆಟ್ಟು ಬೇಕಿಲ್ಲ. ಪ್ರಾಜೆಕ್ಟನ್ನು ಪಟ್ಟಿಯಿಂದ ಪೂರ್ತಿ ತೆಗೆದುಹಾಕಿ, ಮತ್ತೆ ಹೊಸದಾಗಿ ಸೇರಿಸಿಕೊಂಡರೆ, ಅದು ಚೀಟಿಯನ್ನು ಮೊದಲಿನಿಂದ ಓದಿ, ಮನೆಯಲ್ಲೇ ಇದ್ದ ಹುಣಸೆಹಣ್ಣನ್ನು ತಾನೇ ಹುಡುಕಿಕೊಳ್ಳುತ್ತದೆ. ಕೆಂಪು ಹೋಗುತ್ತದೆ. ಆದರೆ ತೆಗೆದುಹಾಕುವಾಗ ಒಂದು ಸಣ್ಣ ಕಿಟಕಿ ಬರುತ್ತದೆ. ಅದರಲ್ಲಿ ಒಂದು ಖಾಲಿ ಚೌಕ. ಚೌಕಕ್ಕೆ ಗುರುತು ಹಾಕದಿದ್ದರೆ ಪಟ್ಟಿಯಿಂದ ಹೆಸರು ಮಾತ್ರ ಹೋಗುತ್ತದೆ. ಗುರುತು ಹಾಕಿದರೆ ಡಿಸ್ಕಿನಲ್ಲಿದ್ದ ಕೆಲಸವೇ ಹೋಗುತ್ತದೆ, ಕಸದ ಬುಟ್ಟಿಗೂ ಬೀಳದೆ.

ಶಿವಲೀಲಾ ಎಚ್ಚರದ ಹುಡುಗಿ. ಮೊದಲು ಒಂದು ಸುಳ್ಳು ಪ್ರಾಜೆಕ್ಟು ಮಾಡಿ, ಪಟ್ಟಿಯಿಂದ ತೆಗೆದು ಮತ್ತೆ ಸೇರಿಸಿ ನೋಡಿದಳು. ಕೆಂಪು ಹೋಯಿತು. ಆ ಸುಳ್ಳು ಪ್ರಾಜೆಕ್ಟು ಇನ್ನು ಬೇಡವೆಂದು, ಚೌಕಕ್ಕೆ ಗುರುತು ಹಾಕಿ ಅಳಿಸಿದಳು. ಆಮೇಲೆ ನಿಜವಾದದ್ದರ ಮೇಲೆ ಕೈಯಿಟ್ಟಳು. ಕಿಟಕಿ ಬಂತು. ಈಗಷ್ಟೇ ಮಾಡಿದ್ದ ಕೈ, ಅದೇ ದಾರಿಯಲ್ಲಿ ಹೋಗಿ ಚೌಕಕ್ಕೆ ಗುರುತು ಹಾಕಿತು.

ಅವರು ಆಗ ಅವಳ ಹಿಂದೆ ನಿಂತಿದ್ದರು. ನನ್ನ ಮೇಜು ಎದುರಿಗೇ. ಅವರ ಮುಖ, ಅವಳ ಮುಖ, ಕುರ್ಚಿಯ ಬೆನ್ನು, ಮೂರೂ ನನಗೆ ಕಾಣುತ್ತಿದ್ದವು. ಅವರ ಕಣ್ಣು ಪರದೆಯ ಮೇಲಿತ್ತು. ಎರಡು ಬೆರಳು ಎದ್ದವು. ಕುರ್ಚಿಯ ಬೆನ್ನಿಗೆ ಒಂದು ಗೇಣು ದೂರದಲ್ಲಿ ನಿಂತವು. ನಾನು ಆ ಟಕ್ ಸದ್ದಿಗೆ ಕಾದೆ. ಬೆರಳು ಮಡಚಿಕೊಂಡು ಜೇಬಿಗೆ ಹೋದವು.

ಮೌಸು ಸದ್ದು ಮಾಡಿತು.

"ಅಯ್ಯ," ಎಂದಳು ಶಿವಲೀಲಾ. ಕೂಗಲಿಲ್ಲ. ಹಾಲು ಉಕ್ಕಿದಾಗ ಹೆಂಗಸರು ಅನ್ನುತ್ತಾರಲ್ಲ, ಅಷ್ಟೇ.

ಅವರು ಆಗಷ್ಟೇ ಬಂದವರ ಹಾಗೆ ಬಗ್ಗಿದರು. "ಏನಾತು?"

"ಸರ್... ಎಲ್ಲಾ ಹೋಗೈತ್ರೀ ಸರ್."

"ತೆಗೆದು ಹಾಕೂದು ಮಾಡಾಕತ್ತಿದ್ದೇನು? ನಾಳೆ ಮೂರು ಗಂಟಿ ತನಕ ತಡಕೊಳ್ಳಾಕ ಆಗಲಿಲ್ಲ?" ಎಂದರು. ದನಿ ಏರಿಸಲಿಲ್ಲ. "ಇರ್ಲಿ ಬಿಡು. ಮತ್ತ ಬರಿ. ಐದು ದಿನ ಅದಾವಲ್ಲ."

ಸಂಜೆ ಐದೂ ಕಾಲಿಗೆ ಎಲ್ಲರೂ ಇಳಿದರು. ಅವಳ ಕಣ್ಣು ಊದಿತ್ತು. ಬಸ್ಸು ತಪ್ಪಿದರೆ ಕೂಸು ಉಪವಾಸವೆಂದು ಓಡಿದಳು. ಅವರು ಸಂಜೆಯ ಬಸ್ಸಿಗೆ ಹೊರಡುವ ಮೊದಲು ನಾನು ಕೊಡುವ ಡಿಸ್ಕಿಗಾಗಿ ಕೂತಿದ್ದರು. ನಾನು ಮೇಜಿನ ಹತ್ತಿರ ಹೋಗಿ ನಿಂತೆ.

"ಸರ್, ನಿನ್ನಿ ಸಂಜಿ ಕಾಪಿ ಐತಲ್ರೀ. ಆಕಿದೂ ಅದ್ರಾಗ ಐತಿ. ಒಂದು ದಿನದ ಕೆಲಸ ಅಷ್ಟ ಹೋಗೈತಿ."

"ಐತಿ," ಎಂದರು. "ನಿಮಗ ಗೊತ್ತು, ನನಗ ಗೊತ್ತು."

"ಮತ್ತ ಮುಂಜಾನೆ ಕೊಡೂಣೇನ್ರೀ?"

ಅವರು ಡ್ರಾದಿಂದ ಆ ಡಿಸ್ಕನ್ನು ತೆಗೆದು ಮೇಜಿನ ಮೇಲಿಟ್ಟರು. ಒಂದು ಕಂದು ಕವರೂ ತೆಗೆದರು.

"ಇದ್ರಾಗ ಹಾಕ್ರಿ. ಇವತ್ತಿನಿಂದ ಹೊಸಾ ಡಿಸ್ಕ್ ಮಾಡ್ರಿ."

"ಸರ್, ಕೂಸಿನ ತಾಯಿ..."

"ಅಕ್ಕಾರ, ಬೀಜದ ಅಂಗಡಿ ಬಿಲ್ ಹೋದಾಗ ನಾ ನಿಮಗ ಏನರೆ ಕೇಳಿದ್ನೇನು?"

ನಾನು ಕವರು ಕೈಗೆತ್ತಿಕೊಂಡೆ.

"ಕೇಳಿಲ್ಲ. ಮಾಲಕರಿಗೂ ಹೇಳಿಲ್ಲ. ಇವತ್ತಿಗೂ ಹೇಳಿಲ್ಲ," ಎಂದು 'ಇವತ್ತಿಗೂ' ಎಂಬಲ್ಲಿ ಸ್ವಲ್ಪ ನಿಂತರು. "ಹಾಕ್ರಿ ಕವರಿನ್ಯಾಗ."

ಹಾಕಿದೆ. ಸ್ಟೇಪಲ್ ಹೊಡೆದೆ. ಮೇಲೆ ತಾರೀಖು ಬರೆಯಲು ಹೇಳಿದರು, ನನ್ನ ಅಕ್ಷರದಲ್ಲೇ ಬರೆದೆ. ಅವತ್ತಿನ ರಿಜಿಸ್ಟರಿನಲ್ಲಿ ನಾನು ಬರೆದದ್ದು: ಕರೆಂಟು ಎರಡು ಸಲ ಹೋಗಿದೆ, ನೀರಿನ ಕ್ಯಾನು ಒಂದು, ಎಲ್ಲರೂ ಹಾಜರು.

ಆ ಐದು ದಿನ ಶಿವಲೀಲಾ ಬರೆದಳು. ಭಾನುವಾರ ಕೂಡ ಬಂದಳು. ಶಟರ್ ತೆಗೆಯಲು ನಾನೂ ಬಂದೆ. ಗುರುವಾರ ಮೂರು ಗಂಟೆಗೆ ಅವರು ಒಂದು ಪ್ರಶ್ನೆಯನ್ನೂ ಕೇಳದೆ ಡಾಂಗಲು ಹಾಕಿದರು. "ತಗೋ, ರಿಫ್ರೆಶ್ ಮಾಡ್ಕೋ." ಅವಳಿಗೆ ಆಗ ರಿಫ್ರೆಶ್ ಮಾಡುವುದಕ್ಕೆ ಏನೂ ಇರಲಿಲ್ಲ. ಆದರೂ "ಥ್ಯಾಂಕ್ಸ್ ಸರ್" ಎಂದಳು. ನಾನು ಎರಡು ಹೊತ್ತು ಚಹಾ ತಂದುಕೊಟ್ಟೆ. ರೊಟ್ಟಿ, ಪುಂಡಿಪಲ್ಲೆ ತಂದೆ. ಧೋತರದ ತುಂಡು ದಿನಕ್ಕೆ ನಾಲ್ಕು ಬೇಕಾಯಿತು. ಬರೆಯುತ್ತ ಕೂತಾಗ ಎದೆ ಒದ್ದೆಯಾದದ್ದು ಅವಳಿಗೆ ಗೊತ್ತೇ ಆಗುತ್ತಿರಲಿಲ್ಲ. ಏನು ಬೇಕೋ ಎಲ್ಲವನ್ನೂ ತಂದುಕೊಟ್ಟೆ, ಡ್ರಾದಲ್ಲಿದ್ದ ಕವರೊಂದನ್ನು ಬಿಟ್ಟು.

ಸೋಮವಾರ ಸಾಹುಕಾರರು ಮೂವರು ಬಂದು ಕೂತರು. ಅವಳು ಪ್ರೋಗ್ರಾಮು ತೆರೆದಳು. ಲಾರಿ ನಂಬರು ಬಂತು, ಊರು ಬಂತು, ತೂಕದ ಜಾಗದಲ್ಲಿ ಸೊನ್ನೆ. ಮತ್ತೊಮ್ಮೆ ಮಾಡಿದಳು; ಸೊನ್ನೆ. ಸಾಹುಕಾರರಲ್ಲಿ ಒಬ್ಬರು, "ಖಾಲಿ ಲಾರಿ ತೂಗಾಕತ್ತೀ ಏನವಾ?" ಎಂದರು. ಎಲ್ಲರೂ ನಕ್ಕರು. ಸರ್ ಮಾತ್ರ ನಗಲಿಲ್ಲ. ಎದ್ದು ನಿಂತು, ಅವಳ ಕುರ್ಚಿಯ ಬೆನ್ನ ಮೇಲೆ ಕೈಯಿಟ್ಟು ಹೇಳಿದರು:

"ಹುಡುಗಿ ಚಲೋ ಮಾಡ್ಯಾಳ್ರೀ. ಮನ್ಯಾಗ ಸಣ್ಣ ಕೂಸು. ತಲಿ ಎರಡೂ ಕಡಿ ಇರ್ತೈತಿ, ಆಕಿ ತಪ್ಪಲ್ಲ. ಒಂದು ತಿಂಗಳು ಕೊಡ್ರಿ, ನಾ ಮಾಡಿಕೊಡ್ತೀನಿ."

ಇಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಮೊದಲು ಕೇಳಿರಲಿಲ್ಲ.

ತಿಂಗಳೊಳಗೆ ಮಾಡಿಯೂ ಕೊಟ್ಟರು. ಆಕೆಯದನ್ನು ಕದ್ದರೆಂದು ನಾನು ಬಹಳ ದಿನ ತಿಳಿದಿದ್ದೆ. ಕದ್ದಿರಲಿಲ್ಲ, ಮೊದಲಿನಿಂದ ತಾವೇ ಬರೆದಿದ್ದರು. ಅವರಿಗೆ ಅವಳ ಕೆಲಸ ಬೇಕಿರಲಿಲ್ಲ. ಅದು ಅವಳಿಗೆ ಸಿಗಬಾರದಿತ್ತು, ಅಷ್ಟೇ. ಮಸ್ಕಿಯಲ್ಲಿ ಆಫೀಸು ತೆರೆಯಿತು. ಕುರ್ಚಿ, ಕರ್ಚೀಫು, ಡ್ರಾದ ಸಾಮಾನು ಎಲ್ಲ ಅಲ್ಲಿಗೆ ಹೋಯಿತು. ಶಿವಲೀಲಾ ಇನ್ನೆರಡು ತಿಂಗಳು ಬಂದಳು. ಒಂದು ದಿನ ಕೂಸಿಗೆ ಜ್ವರವೆಂದು ಹೋದವಳು ಫೋನು ಮಾಡಿ, "ಆಗೂದಿಲ್ರೀ ಅಕ್ಕಾರ" ಎಂದಳು. ಅವಳ ಹೆಸರಿನ ಮುಂದೆಯೂ ಗೆರೆ ಎಳೆದೆ. ಏಳು ವರ್ಷವಾಯಿತು.

ಈಗ ಲಿಂಗಸುಗೂರಿಗೆ ಮರಳುತ್ತೇನೆ. ಪ್ರಸಾದ ಆದ ಮೇಲೆ ಅವರ ಹೆಂಡತಿ ನನ್ನನ್ನು ಒಳಗೆ ಕರೆದರು. ಮಸ್ಕಿ ಆಫೀಸಿನ ಡ್ರಾ ಖಾಲಿ ಮಾಡಿ ಯಾರೋ ಮನೆಗೆ ತಂದಿಟ್ಟಿದ್ದರಂತೆ.

"ಇದರ ಮ್ಯಾಲ ನಿಮ್ಮ ಅಕ್ಷರ ಐತಿ ಅಂದ್ರು. ಆಫೀಸಿಂದ ಇರಬೇಕ್ರೀ, ಒಯ್ಯಿರಿ."

ಕಂದು ಕವರು. ನಾನು ಹೊಡೆದ ಸ್ಟೇಪಲ್ ಹಾಗೇ ಇತ್ತು, ಸ್ವಲ್ಪ ತುಕ್ಕು ಹಿಡಿದು. ಏಳು ವರ್ಷ ಅದನ್ನು ತೆರೆದೂ ಇರಲಿಲ್ಲ, ಎಸೆದೂ ಇರಲಿಲ್ಲ. ಬ್ಯಾಗಿನಲ್ಲಿ ಹಾಕಿಕೊಂಡೆ.

ಬಸ್ಸು ತುಂಬಿತ್ತು, ಲಿಂಗಸುಗೂರಿನಿಂದ ನಿಂತೇ ಬಂದೆ. ಮಸ್ಕಿಯಲ್ಲಿ ಇಳಿಯುವವರು ಇಳಿಯುವ ಮೊದಲೇ ಕಿಟಕಿಯಿಂದ ಟವೆಲುಗಳು ಒಳಗೆ ಬಿದ್ದವು. ನನ್ನ ಪಕ್ಕದ ಸೀಟಿಗೆ ಬಿದ್ದ ಟವೆಲಿನ ಹಿಂದೆ, ಏಳೆಂಟು ವರ್ಷದ ಹುಡುಗಿಯ ಕೈ ಹಿಡಿದು ಬಂದು ಕೂತವಳು ಶಿವಲೀಲಾ.

"ಅಕ್ಕಾರ! ಏನ್ರೀ, ಎಷ್ಟು ಸೊರಗೀರಿ!" ಎಂದು ಎದ್ದೇಬಿಟ್ಟಳು. "ಕೂಡ್ರಿ, ನೀವು ಕೂಡ್ರಿ. ಏಳ ಬೇ, ಅಕ್ಕಾರಿಗೆ ಜಾಗ ಬಿಡು."

"ಬ್ಯಾಡವ್ವ, ನಾ ನಿಲ್ತೀನಿ," ಎಂದೆ. ಅವಳ ಸೀಟಿನಲ್ಲಿ ನಾನು ಹೇಗೆ ಕೂಡಲಿ?

"ಹಂಗಾರ ಬ್ಯಾಗರೆ ಕೊಡ್ರಿ."

ಕೊಡುವುದಿಲ್ಲ ಎಂದರೆ ಯಾಕೆ ಎನ್ನುತ್ತಾಳೆ. ಬ್ಯಾಗು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ತೊಡೆಯ ಮೇಲಿಟ್ಟುಕೊಂಡು, ಬೀಳದ ಹಾಗೆ ಎರಡೂ ಕೈಯಲ್ಲಿ ತಬ್ಬಿ ಹಿಡಿದಳು. ಮಸ್ಕಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಅಂಗಡಿಯಲ್ಲಿ ಜನರ ಅರ್ಜಿ ತುಂಬಿಕೊಡುವ ಕೆಲಸ ಮಾಡುತ್ತಿದ್ದಾಳಂತೆ. ಸಿಂಧನೂರಿಗೆ ಮಗಳ ಕಣ್ಣು ತೋರಿಸಲು ಹೊರಟಿದ್ದಳು.

"ಈಗೂ ಒಂದು ಫೈಲ್ ಅಳಸಬೇಕಂದ್ರ ಮೂರು ಸಲ ನೋಡ್ತೀನ್ರೀ. ಜನ ಬೈತಾರ, ಜಲ್ದಿ ಮಾಡವ್ವ ಅಂತ." ನಕ್ಕಳು. ಆಮೇಲೆ ದನಿ ಇಳಿಸಿ, "ಸರ್ ಹೋದ್ರಂತಲ್ರೀ. ಪಾಪ. ಬಿರುಸು ಮನಷ್ಯಾ, ಆದ್ರ ಅವತ್ತು ಅವರು ಪರದಿ ನೋಡಿದ್ರ ಕುರ್ಚಿ ತಟ್ಟತಿದ್ರು. ನೋಡಲಿಲ್ಲ, ನನ್ನ ನಸೀಬು."

ನಾನು ಮೇಲಿನ ಕಂಬಿ ಹಿಡಿದುಕೊಂಡಿದ್ದೆ.

"ನೀವೊಬ್ರ ನೋಡ್ರಿ ಅಕ್ಕಾರ, ಆ ಐದು ದಿನ ನನಗ ತಾಯಿ ಆದವರು. ಇಕಿಗೂ ಹೇಳ್ತಿರ್ತೀನಿ. ಇವರ ಬೇ, ನಾ ಹೇಳ್ತಿದ್ನಲ್ಲ, ಧೋತರ ತಂದುಕೊಡ್ತಿದ್ದ ಅಕ್ಕಾರು."

ಹುಡುಗಿ ನನ್ನನ್ನು ನೋಡಿತು. ಬಸ್ಸು ತಗ್ಗಿಗೆ ಇಳಿದಾಗಲೆಲ್ಲ ಶಿವಲೀಲಾ ಬ್ಯಾಗನ್ನು ಇನ್ನಷ್ಟು ಎದೆಗೆ ಒತ್ತಿಕೊಳ್ಳುತ್ತಿದ್ದಳು. ಹೇಳಬೇಕೆಂದರೆ ಸಿಂಧನೂರಿನವರೆಗೆ ದಾರಿಯಿತ್ತು. ನಾನು ಕೂಸಿನ ಕಣ್ಣಿಗೆ ಏನಾಗಿದೆ ಎಂದು ಕೇಳಿದೆ, ಯಾವ ಡಾಕ್ಟರು ಒಳ್ಳೆಯವರೆಂದು ಹೇಳಿದೆ, ತಾಯಿ ಹೇಗಿದ್ದಾರೆ ಎಂದು ಕೇಳಿದೆ.

ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಅವಳು ಬ್ಯಾಗಿನ ಧೂಳು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟಳು.

"ಭಾಳ ಹೊತ್ತು ಹಿಡಕೊಂಡಿ, ಒಜ್ಜಿ ಆತೇನವ್ವ?" ಎಂದೆ.

"ಅಯ್ಯ, ಏನೂ ಒಜ್ಜಿ ಇಲ್ರೀ," ಎಂದಳು.